ಅಶ್ವೆಂ–ಮೋರ್ಜಿಂ ತೀರದಲ್ಲಿ ಕೈಟ್ ಸರ್ಫಿಂಗ್: ಹೊಸಬರು ದಡದ ಮೇಲೆ ಹೇಗಿರಬೇಕು?

ಹೊಸಗಾಳಿ

ಎಲ್ಲರಿಗೂ ನಮಸ್ಕಾರ. ರಾಮೇಶ್ವರದಲ್ಲಿ ಕೈಟ್ ಸರ್ಫಿಂಗ್ (ದೊಡ್ಡ ಗಾಳಿಪಟದ ಎಳೆತದಿಂದ ಬೋರ್ಡಿನ ಮೇಲೆ ನಿಂತು ನೀರಿನಲ್ಲಿ ಸಾಗುವ ಆಟ) ತರಬೇತಿ ಪಡೆದು ಬೆಂಗಳೂರಿಗೆ ಮರಳಿದ್ದೇನೆ. ಬೋರ್ಡಿನ ಮೇಲೆ ಏಳುತ್ತೇನೆ, ಎಡಕ್ಕೂ ಬಲಕ್ಕೂ ಸಾಗುತ್ತೇನೆ. ಆದರೆ ಹೊರಟ ಜಾಗಕ್ಕೇ ಮರಳುವುದು ಇನ್ನೂ ಕೈಹತ್ತಿಲ್ಲ. ಗಾಳಿ ಹೋಗುವ ಕಡೆಗೆ ಜಾರುತ್ತ ಹೋಗಿ ಎಲ್ಲೋ ದಡ ಸೇರುತ್ತೇನೆ, ಅಲ್ಲಿಂದ ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದು ಬರುತ್ತೇನೆ.

ಜನವರಿಯಲ್ಲಿ ಮನೆಯವರೊಂದಿಗೆ ಉತ್ತರ ಗೋವಾಕ್ಕೆ ಹೋಗುತ್ತಿದ್ದೇನೆ. ಅಶ್ವೆಂನಿಂದ ಮೋರ್ಜಿಂವರೆಗಿನ ತೀರದಲ್ಲಿ ಕೈಟ್ ಹಾರಿಸುತ್ತಾರೆಂದು ಕೇಳಿದ್ದೇನೆ. ಪರಿಚಿತರೊಬ್ಬರು 12 ಚದರ ಮೀಟರಿನ ಹಳೆಯ ಕೈಟನ್ನು ಕಡಿಮೆ ಬೆಲೆಗೆ ಕೊಡುತ್ತೇನೆ ಎಂದಿದ್ದಾರೆ. ರಾಮೇಶ್ವರದಲ್ಲಿ ನಾವು ಕಲಿತ ಜಾಗದಲ್ಲಿ ಸೊಂಟದಷ್ಟೇ ನೀರು, ಸುತ್ತಮುತ್ತ ಜನರೇ ಇರಲಿಲ್ಲ. ಗೋವಾದಲ್ಲಿ ಈಜುವವರು, ಮಕ್ಕಳು, ಶ್ಯಾಕ್‌ಗಳ (ತೀರದ ಹೋಟೆಲುಗಳ) ಮುಂದಿನ ಮಂಚಗಳು, ನಾಯಿಗಳು, ದೋಣಿಗಳು ಎಲ್ಲವೂ ಇರುತ್ತವೆ. ನೀರಿಗಿಳಿದ ಮೇಲಿನ ನಿಯಮಗಳನ್ನು ಓದಿದ್ದೇನೆ. ದಡದ ಮೇಲೆ ಹೇಗಿರಬೇಕೆಂಬುದನ್ನು ತಿಳಿದವರು ಬಿಡಿಸಿ ಹೇಳುತ್ತೀರಾ? ಒಬ್ಬನೇ ಹೋಗಿ ಅಭ್ಯಾಸ ಮಾಡಬಹುದೇ?

ಪಡುವಣ ಕಡಲು

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಒಬ್ಬರೇ ಹೋಗಬೇಡಿ. ಹೊರಟ ಜಾಗಕ್ಕೆ ಮರಳಲು ಬಾರದವರು ಎಲ್ಲಿ ದಡ ಸೇರುತ್ತಾರೆಂದು ನಿರ್ಧರಿಸುವುದು ಗಾಳಿ. ಖಾಲಿ ತೀರದಲ್ಲಿ ಅದರಿಂದ ನಿಮಗೆ ನಡೆಯುವ ಶ್ರಮವೊಂದೇ. ಜನ ತುಂಬಿದ ತೀರದಲ್ಲಿ ಹಾಗಲ್ಲ, ನಿಮ್ಮ ದಾರಗಳು ಯಾರ ತಲೆಯ ಮೇಲೆ ಹಾದುಹೋಗುತ್ತವೆ ಎಂಬುದೂ ನಿಮ್ಮ ಕೈಯಲ್ಲಿ ಇರುವುದಿಲ್ಲ. ಅಲ್ಲಿರುವ ತರಬೇತಿ ಶಾಲೆಯೊಂದರಲ್ಲಿ ಮೇಲ್ವಿಚಾರಣೆಯ ಸಮಯಕ್ಕೆ ಹಣ ಕೊಟ್ಟು, ಅವರ ಕಣ್ಣಳತೆಯಲ್ಲಿ ಅಭ್ಯಾಸ ಮಾಡಿ.

ಈಗ ಆ ತೀರವನ್ನು ಅರ್ಥಮಾಡಿಕೊಳ್ಳೋಣ. ಗೋವಾದ ಕರಾವಳಿ ಪಶ್ಚಿಮಕ್ಕೆ ಮುಖ ಮಾಡಿದೆ. ಜನವರಿಯಲ್ಲಿ ಬೆಳಗಿನ ಹೊತ್ತು ನೆಲದಿಂದ ಕಡಲಿನ ಕಡೆಗೆ ಗಾಳಿ ಬೀಸುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ದಿಕ್ಕು ತಿರುಗಿ, ಮಧ್ಯಾಹ್ನದ ನಂತರ ವಾಯವ್ಯದಿಂದ ಕಡಲಗಾಳಿ ಬರುತ್ತದೆ. ಸಾಮಾನ್ಯವಾಗಿ 10ರಿಂದ 15 ನಾಟ್, ಅಂದರೆ ಗಂಟೆಗೆ ಸುಮಾರು 18ರಿಂದ 28 ಕಿಲೋಮೀಟರ್. ಬೆಳಗಿನ ಗಾಳಿಗೆ ಕೈಟ್ ಏರಿಸಲೇಬಾರದು. ದಡದಲ್ಲಿ ಅದು ಹಿತವಾಗಿಯೇ ಇರುತ್ತದೆ, ಆದರೆ ಏನಾದರೂ ಕೈಕೊಟ್ಟರೆ ನಿಮ್ಮನ್ನು ಒಯ್ಯುವುದು ಅರಬ್ಬಿ ಸಮುದ್ರದ ನಡುವಿಗೆ.

ಮಧ್ಯಾಹ್ನದ ವಾಯವ್ಯ ಗಾಳಿ ನಿಮ್ಮನ್ನು ದಡದ ಕಡೆಗೂ ದಕ್ಷಿಣಕ್ಕೂ ತಳ್ಳುತ್ತದೆ. ಅಶ್ವೆಂನಲ್ಲಿ ನೀರಿಗಿಳಿದ ಹೊಸಬರು ಜಾರುತ್ತ ಹೋಗುವುದು ಮೋರ್ಜಿಂ ಕಡೆಗೆ. ಮೋರ್ಜಿಂನ ದಕ್ಷಿಣ ತುದಿಯಲ್ಲಿ ಶಾಪೋರಾ ನದಿಯ ಅಳಿವೆ. ಇಳಿತದ ಹೊತ್ತಿನಲ್ಲಿ ಅಲ್ಲಿ ನದಿಯ ನೀರು ಕಡಲಿಗೆ ಜೋರಾಗಿ ನುಗ್ಗುತ್ತದೆ. ಆದ್ದರಿಂದ ಹೊರಡುವ ಮೊದಲು ದಡದುದ್ದಕ್ಕೂ ದಕ್ಷಿಣಕ್ಕೆ ನಡೆದು, "ಇದರಾಚೆ ನಾನು ಹೋಗಬಾರದು" ಎಂಬ ಗುರುತೊಂದನ್ನು ಇಟ್ಟುಕೊಳ್ಳಿ. ಅಲ್ಲಿಗೆ ತಲುಪುವ ಮೊದಲೇ ದಡಕ್ಕೆ ಬಂದು, ಕೈಟ್ ಇಳಿಸಿ, ನಡೆದು ವಾಪಸ್ಸಾಗಿ. ಉಬ್ಬರ ಇಳಿತದ ವೇಳೆಯನ್ನು ಹಿಂದಿನ ರಾತ್ರಿಯೇ ನೋಡಿಟ್ಟಿರಿ.

ಇನ್ನೊಂದು ತೊಡಕು ವೇಳೆಯದು. ಗಾಳಿ ಚೆನ್ನಾಗಿ ಬೀಸುವ ಹೊತ್ತು ಮುಗಿಯುತ್ತ ಬಂದಂತೆ ಸೂರ್ಯಾಸ್ತ ನೋಡಲು ಜನ ಸೇರತೊಡಗುತ್ತಾರೆ. ನೀವು ದಣಿದಿರುತ್ತೀರಿ, ಗಾಳಿ ಬಿದ್ದುಹೋಗುತ್ತಿರುತ್ತದೆ, ಮೂರು ಗಂಟೆಗೆ ಖಾಲಿಯಿದ್ದ ಮರಳಿನ ಮೇಲೆ ಈಗ ಮಕ್ಕಳು ಕೋಟೆ ಕಟ್ಟುತ್ತಿರುತ್ತಾರೆ. ಆ ಮೂರೂ ಒಟ್ಟಿಗೆ ಬರುವ ಮೊದಲೇ ಕೈಟ್ ಮಡಚಿ.

ಹೊಸಗಾಳಿ

ಬಹಳ ಉಪಕಾರವಾಯಿತು. ದಕ್ಷಿಣಕ್ಕೆ ಜಾರುತ್ತೇನೆ ಎಂಬುದನ್ನು ಯೋಚಿಸಿಯೇ ಇರಲಿಲ್ಲ. ಕೈಟ್ ಏರಿಸುವಾಗ ಸುತ್ತ ಎಷ್ಟು ಜಾಗ ಬೇಕು?

ಪಡುವಣ ಕಡಲು

ದಾರಗಳ ಉದ್ದ ಸಾಮಾನ್ಯವಾಗಿ 20ರಿಂದ 24 ಮೀಟರ್. ಕೈಟ್ ತಪ್ಪಿ ಬಿದ್ದರೆ ಆ ಉದ್ದದ ಅರ್ಧವೃತ್ತವನ್ನು ಸವರಿಕೊಂಡು ಬರುತ್ತದೆ, ಜೊತೆಗೆ ನಿಮ್ಮನ್ನೂ ಕೆಲವು ಹೆಜ್ಜೆ ಎಳೆಯುತ್ತದೆ. ಆದ್ದರಿಂದ ಗಾಳಿ ಹೋಗುವ ಕಡೆ ಕನಿಷ್ಠ 50 ಮೀಟರ್, ಅಂದರೆ ದಾರದ ಎರಡರಷ್ಟು ಉದ್ದ, ಜನರಿಲ್ಲದ ಜಾಗ ಇರಲೇಬೇಕು. ಅಲ್ಲಿ ಮಂಚ, ಛತ್ರಿ, ದೋಣಿ, ವಿದ್ಯುತ್ ತಂತಿ ಯಾವುದೂ ಇರಕೂಡದು. ಅಷ್ಟು ಜಾಗ ಸಿಗದಿದ್ದರೆ ಆ ದಿನ ಆ ಜಾಗದಿಂದ ಏರಿಸುವಂತಿಲ್ಲ.

ಆ ದಾರಗಳು ಎಂಥವು ಎಂಬುದು ನೋಡುವವರಿಗೆ ತಿಳಿಯುವುದಿಲ್ಲ. ತೆಳ್ಳಗಿನ, ಹಿಗ್ಗದ, ಇಡೀ ಮನುಷ್ಯನನ್ನು ಎತ್ತಿ ಒಯ್ಯುವ ಬಲದ ದಾರ. ಸಂಕ್ರಾಂತಿಯ ಹೊತ್ತಿಗೆ ಬೈಕ್ ಸವಾರರ ಕುತ್ತಿಗೆ ಕೊಯ್ಯುವ ಮಾಂಜಾದ ಸುದ್ದಿ ಓದುತ್ತೇವಲ್ಲ, ಇದಕ್ಕೆ ಗಾಜಿನ ಪುಡಿ ಹಚ್ಚಿಲ್ಲ ಅಷ್ಟೆ, ಬಿಗಿಯಾದಾಗ ಕೊಯ್ಯುವುದು ಹಾಗೆಯೇ. ಆದ್ದರಿಂದ ದಾರ ಬಿಚ್ಚಿ ಮರಳಿನ ಮೇಲೆ ಹಾಸಿಟ್ಟು ಚಹಾ ಕುಡಿಯಲು ಹೋಗುವುದನ್ನು ನಾನು ಒಪ್ಪುವುದಿಲ್ಲ. ಓಡಿ ಬರುವ ಮಗುವಿಗೆ, ನಾಯಿಗೆ ಮರಳಿನ ಬಣ್ಣದಲ್ಲಿ ಆ ದಾರ ಕಾಣುವುದೇ ಇಲ್ಲ. ಏರಿಸುವ ಮುಂಚೆ ಬಿಚ್ಚಿ, ಇಳಿಸಿದ ಕೂಡಲೇ ಬಾರಿಗೆ (ಕೈಟನ್ನು ನಡೆಸಲು ಕೈಯಲ್ಲಿ ಹಿಡಿಯುವ ದಂಡಕ್ಕೆ) ಸುತ್ತಿಡಿ.

ಏರಿಸುವ ಕ್ರಮ ಹೀಗೆ. ಕೈಟ್ ನೀರಿನ ಬದಿಯಲ್ಲಿ ಇರಬೇಕು, ಭೂಮಿಯ ಬದಿಯಲ್ಲಲ್ಲ. ಎಳೆದರೆ ಅದು ನೀರಿನ ಕಡೆಗೆ ಎಳೆಯಲಿ. ಹಿಡಿದುಕೊಳ್ಳುವವರು ಮುಂದಿನ ಗಾಳಿ ತುಂಬಿದ ಕೊಳವೆಯ ನಡುಭಾಗವನ್ನು ಹಿಡಿಯಬೇಕು. ನಾಲ್ಕೂ ದಾರಗಳನ್ನು ಬಾರಿನಿಂದ ಕೈಟಿನ ತನಕ ಕಣ್ಣಲ್ಲೇ ಓದಿಕೊಂಡು ಹೋಗಿ. ಎಡದ ದಾರ ಎಡಕ್ಕೆ, ಬಲದ್ದು ಬಲಕ್ಕೆ, ನಡುವೆ ಎಲ್ಲೂ ಸಿಕ್ಕಿರಬಾರದು. ಸುರಕ್ಷಾ ಲೀಶ್ (ಕೈಟನ್ನು ಮೈಗೆ ಜೋಡಿಸುವ ಹಗ್ಗ) ಹಾಕಿದ್ದೀರಾ ಎಂದು ಕೈಯಿಂದ ಎಳೆದು ನೋಡಿ. ಆಮೇಲೆ ಹೆಬ್ಬೆರಳು ಎತ್ತಿ ತೋರಿಸಿ. ಅವರೂ ಹೆಬ್ಬೆರಳು ತೋರಿಸಿದ ಮೇಲೆ ಬಿಡಲಿ. ಅವರು ಕೈಟನ್ನು ಎಸೆಯಬಾರದು, ತಳ್ಳಬಾರದು, ಸುಮ್ಮನೆ ಕೈ ಬಿಟ್ಟರೆ ಸಾಕು. ಇಳಿಸಬೇಕೆಂದಾಗ ಒಂದು ಕೈಯಿಂದ ನಿಮ್ಮ ತಲೆಯನ್ನು ತಟ್ಟಿಕೊಳ್ಳಿ. ಇದು ಎಲ್ಲ ದೇಶಗಳ ಕೈಟ್ ತೀರಗಳಲ್ಲೂ ನಡೆಯುವ ಸನ್ನೆ.

ಏರಿದ ಮೇಲೆ ದಡದಲ್ಲಿ ನಿಲ್ಲಬೇಡಿ. ಕೈಟನ್ನು ನೆತ್ತಿಯ ಮೇಲೆ ನಿಲ್ಲಿಸಿಕೊಂಡು ಗೆಳೆಯರೊಂದಿಗೆ ಮಾತನಾಡುತ್ತ, ಫೋಟೋ ತೆಗೆಸಿಕೊಳ್ಳುತ್ತ ನಿಂತವರನ್ನು ಪ್ರತಿ ಋತುವಿನಲ್ಲೂ ನೋಡುತ್ತೇನೆ. ಒಂದೇ ಒಂದು ಬಿರುಸು ಗಾಳಿ ಬಂದರೆ ಕೈಟ್ ಅಲ್ಲಿಂದ ನೇರ ಮೇಲಕ್ಕೆ ಎತ್ತುತ್ತದೆ, ಮತ್ತೆ ಇಳಿಸುವುದು ಗಟ್ಟಿ ಮರಳಿನ ಮೇಲೆ. ಕೈಟ್ ತಗ್ಗಿನಲ್ಲಿ, ನೀರಿನ ಬದಿಗೆ ಇರಲಿ. ನೇರ ನಡೆದು ಸೊಂಟದ ನೀರಿಗೆ ಹೋಗಿ. ಈ ಆಟದಲ್ಲಿ ಕೆಟ್ಟ ಪೆಟ್ಟುಗಳು ಬೀಳುವುದು ಹೆಚ್ಚಾಗಿ ದಡದಲ್ಲಿ, ಏರಿಸುವಾಗ ಮತ್ತು ಇಳಿಸುವಾಗ. ನೀರು ಬಿದ್ದವರನ್ನು ಕ್ಷಮಿಸುತ್ತದೆ, ಕಂಬ ಮತ್ತು ಗೋಡೆ ಕ್ಷಮಿಸುವುದಿಲ್ಲ.

ಸ್ವತಂತ್ರ ಅಲೆ

ಕಡಲು ಎಲ್ಲರದೂ. ಇಷ್ಟು ಹೆದರಿಸಿದರೆ ಈ ಆಟಕ್ಕೆ ಕನ್ನಡಿಗರು ಬರುವುದಾದರೂ ಹೇಗೆ? ತರಬೇತಿ ಶಾಲೆಗಳು ತಮ್ಮ ಮುಂದಿನ ತೀರವನ್ನು ತಮ್ಮದೇ ಆಸ್ತಿ ಎಂಬಂತೆ ನೋಡುತ್ತವೆ. ತರಬೇತಿ ಮುಗಿಸಿದ ಕಾರ್ಡ್ ಎಲ್ಲಿ, ಯಾವ ಹಂತ ಮುಗಿಸಿದ್ದೀರಿ ಎಂದು ಕೇಳಿ, ಕೊನೆಗೆ ತಮ್ಮಲ್ಲೇ ಗಂಟೆಗೆ ಇಷ್ಟು ಎಂದು ವಸೂಲಿ ಮಾಡುತ್ತವೆ. ಆಸಕ್ತಿ ಇರುವ ಯುವಕರು ಇದರಿಂದಲೇ ದೂರ ಉಳಿಯುತ್ತಾರೆ. ಸ್ವಲ್ಪ ಧೈರ್ಯ, ಸ್ವಲ್ಪ ಸಾಮಾನ್ಯ ಜ್ಞಾನ ಇದ್ದರೆ ಸಾಲದೇ?

ಹೇಗ್ ಕನ್ನಡಿಗ

ಶುಲ್ಕ ಹೆಚ್ಚು ಎಂಬ ಮಾತನ್ನು ಒಪ್ಪುತ್ತೇನೆ. ಸಾಮಾನ್ಯ ಜ್ಞಾನ ಸಾಕು ಎಂಬುದನ್ನು ಒಪ್ಪಲಾರೆ, ಏಕೆಂದರೆ ಗಾಳಿಯ ಬಲ ಸಾಮಾನ್ಯ ಜ್ಞಾನದ ಲೆಕ್ಕಕ್ಕೆ ಸಿಗುವುದಿಲ್ಲ. ಗಾಳಿಯ ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟಾಗುತ್ತದೆ. 12 ನಾಟ್ ಇದ್ದದ್ದು 18 ಆದರೆ "ಒಂದೂವರೆ ಪಟ್ಟು ತಾನೆ" ಎನಿಸುತ್ತದೆ, ಎಳೆತ ಮಾತ್ರ ಎರಡೂಕಾಲು ಪಟ್ಟು. ಆ ಬದಲಾವಣೆ ಒಂದು ಮೋಡ ಹಾದುಹೋಗುವಷ್ಟು ಹೊತ್ತಿನಲ್ಲಿ ಆಗಬಹುದು.

ನಾನಿರುವ ನೆದರ್ಲೆಂಡ್ಸ್‌ನಲ್ಲಿ ಕೈಟಿಗೆ ಎಲ್ಲಿ ಅವಕಾಶ, ಎಲ್ಲಿ ಇಲ್ಲ ಎಂದು ನಗರಸಭೆಗಳೇ ತೀರವನ್ನು ಗುರುತಿಸಿರುತ್ತವೆ. ತೀರಕ್ಕೆ ಇಳಿಯುವ ದಾರಿಯಲ್ಲಿ ನಕ್ಷೆಯ ಫಲಕ ಇರುತ್ತದೆ. ಬೇಸಿಗೆಯಲ್ಲಿ ಸ್ನಾನಕ್ಕೆ ಬರುವವರು ಹೆಚ್ಚಾದಾಗ ಕೆಲವು ಜಾಗಗಳಲ್ಲಿ ಕೈಟಿಗೆ ಅವಕಾಶ ಇರುವುದಿಲ್ಲ. ಇಷ್ಟಾದರೂ ಪೂರ್ವದ ಗಾಳಿ ಬೀಸುವ ದಿನ ದಡದಿಂದ ದೂರ ಒಯ್ಯಲ್ಪಟ್ಟವರನ್ನು ತರಲು ರಕ್ಷಣಾ ದೋಣಿ ಹೋಗಬೇಕಾಗುತ್ತದೆ. 1824ರಿಂದ ನಡೆದುಬಂದಿರುವ ಇಲ್ಲಿನ ಸಾಗರ ರಕ್ಷಣಾ ಸಂಸ್ಥೆಯ ದೋಣಿಗಳಲ್ಲಿ ಇರುವವರು ಬಹುಪಾಲು ಸ್ವಯಂಸೇವಕರು, ತಮ್ಮ ಕೆಲಸ ಬಿಟ್ಟು ಓಡಿಬಂದವರು. ಒಬ್ಬನ ಧೈರ್ಯಕ್ಕೆ ಅವರು ತಮ್ಮ ಜೀವ ಒಡ್ಡಬೇಕೇ?

ಗೋವಾದಲ್ಲಿ ಹಾಗೆ ನಕ್ಷೆಯ ಫಲಕ ಸಿಗದ ಕಡೆ ಜೀವರಕ್ಷಕರನ್ನು ಹೋಗಿ ಕೇಳಬೇಕು. 2008ರಿಂದ ಅಲ್ಲಿನ ತೀರಗಳಲ್ಲಿ ದೃಷ್ಟಿ ಸಂಸ್ಥೆಯ ಜೀವರಕ್ಷಕರು ಇದ್ದಾರೆ. ಕೆಂಪು–ಹಳದಿ ಬಾವುಟಗಳ ನಡುವಿನ ನೀರು ಈಜುವವರದು, ಅಲ್ಲಿಗೆ ಕೈಟ್ ಸುಳಿಯಬಾರದು.

ಪಡುವಣ ಕಡಲು

ಸ್ವತಂತ್ರ ಅಲೆಯವರೇ, ಕಡಲು ಎಲ್ಲರದೂ ಎಂಬ ನಿಮ್ಮ ಮಾತಿನಿಂದಲೇ ನಾನೂ ಆರಂಭಿಸುತ್ತೇನೆ. ಎಲ್ಲರೂ ಎಂದರೆ ಯಾರು? ಕೈಟ್ ಹಿಡಿದವನೊಬ್ಬ ತನ್ನ ಸುತ್ತ 50 ಮೀಟರ್ ತೀರವನ್ನು ತುಂಬಿಕೊಳ್ಳುತ್ತಾನೆ. ಚಾಪೆ ಹಾಸಿ ಕುಳಿತ ಕುಟುಂಬಕ್ಕೆ ಬೇಕಾಗಿರುವುದು ಎರಡು ಮೀಟರ್. ಅವರಿಂದ ನಮಗೆ ಯಾವ ಅಪಾಯವೂ ಇಲ್ಲ, ನಮ್ಮಿಂದ ಅವರಿಗೆ ಇದೆ. ಆದ್ದರಿಂದ ಎಚ್ಚರಿಕೆಯ ಹೊರೆಯೆಲ್ಲ ನಮ್ಮದೇ ಆಗಬೇಕು. "ಅವರು ಪಕ್ಕಕ್ಕೆ ಸರಿಯಬೇಕಿತ್ತು" ಎಂದು ಹೇಳುವ ಹಕ್ಕು ಕೈಟ್ ಹಾರಿಸುವವರಿಗೆ ಇಲ್ಲವೇ ಇಲ್ಲ.

ಶಾಲೆಗಳ ಬಗ್ಗೆ ನಿಮ್ಮ ದೂರು ಸುಳ್ಳಲ್ಲ. ಆದರೆ ಕಾರ್ಡ್ ಕೇಳುವುದಕ್ಕೆ ಕಾರಣ ಇದೆ. ಅಂತರರಾಷ್ಟ್ರೀಯ ಕೈಟ್‌ಬೋರ್ಡಿಂಗ್ ಸಂಸ್ಥೆಯ ಮೂರನೆಯ ಹಂತದ ಹೆಸರೇ ಸ್ವತಂತ್ರ ಸವಾರ ಎಂದು. ಹೊರಟ ಜಾಗಕ್ಕೆ ಮರಳುವ ಸಾಮರ್ಥ್ಯ ಬರುವುದು ಆ ಹಂತದಲ್ಲಿ. ಕಾರ್ಡ್ ಇಲ್ಲದಿದ್ದರೂ ಆ ಸಾಮರ್ಥ್ಯ ಇರುವವರಿದ್ದಾರೆ. ಅದಿಲ್ಲದವರನ್ನು ಜನರ ನಡುವೆ ಬಿಡಬಾರದು ಎಂಬುದಷ್ಟೇ ನನ್ನ ವಾದ.

ಬಲೆ ಮತ್ತು ಬಂಗುಡೆ

ನಾನು ಕೈಟ್ ಹಾರಿಸುವವನಲ್ಲ. ನಮ್ಮದು ಕುಂದಾಪುರ ಕಡೆಯ ಮೀನುಗಾರರ ಮನೆ. ಈ ಚರ್ಚೆಯಲ್ಲಿ ದೋಣಿ ಎಂಬ ಮಾತು ಒಂದು ಸಲ ಬಂದುಹೋಯಿತು, ಅದಕ್ಕೇ ಬರೆಯುತ್ತಿದ್ದೇನೆ.

ದಡದಿಂದ ಎಳೆಯುವ ರಂಪಣಿ ಬಲೆ ಗೊತ್ತಲ್ಲ? ಗೋವಾದಲ್ಲೂ ಅದೇ ಬಲೆ ಇದೆ, ಅದನ್ನು ಎಳೆಯುವವರಿಗೆ ಅಲ್ಲಿ ರಾಂಪಣಕಾರರು ಎನ್ನುತ್ತಾರೆ. ಟ್ರಾಲರ್‌ಗಳ ವಿರುದ್ಧ 1970ರ ದಶಕದಲ್ಲಿ ದೊಡ್ಡ ಹೋರಾಟ ನಡೆಸಿದವರು ಅವರು. ದೋಣಿಯವರು ಬಲೆಯನ್ನು ಕಡಲಿನಲ್ಲಿ ಅರ್ಧಚಂದ್ರಾಕಾರವಾಗಿ ಬಿಡುತ್ತಾರೆ, ಅದರ ಎರಡು ತುದಿಗಳ ಹಗ್ಗ ದಡದಲ್ಲಿರುತ್ತದೆ. ಎರಡು ಗುಂಪು ಎರಡು ಕಡೆ ನಿಂತು ಎಳೆಯುತ್ತ, ಎಳೆಯುತ್ತ ಒಂದನ್ನೊಂದು ಸಮೀಪಿಸುತ್ತವೆ. ದೂರದಿಂದ ನೋಡುವವರಿಗೆ ಆ ಎರಡು ಗುಂಪುಗಳಿಗೂ ಸಂಬಂಧವೇ ಇಲ್ಲವೆಂದು ಕಾಣುತ್ತದೆ. ನಡುವಿನ ನೀರು ಖಾಲಿ ಎಂದುಕೊಂಡು ಒಳಗೆ ಬರುತ್ತಾರೆ. ಆ ಖಾಲಿ ನೀರಿನಲ್ಲೇ ಬಲೆ ಇರುವುದು! ಬೋರ್ಡಿನ ಅಡಿಯ ರೆಕ್ಕೆ ಹಗ್ಗಕ್ಕೆ ಸಿಕ್ಕಿದರೆ ನೀವೂ ಬೀಳುತ್ತೀರಿ, ಬಲೆಯೂ ಹರಿಯುತ್ತದೆ. ಬಲೆಯ ಅಡಿಭಾಗ ಎತ್ತಿಹೋದರೆ ಒಳಗಿದ್ದ ಬಂಗುಡೆ, ಬೂತಾಯಿ ಎಲ್ಲ ಹೊರಗೆ. ಅಷ್ಟು ಜನರ ಆ ದಿನದ ದುಡಿಮೆ ಅಲ್ಲಿಗೆ ಮುಗಿಯಿತು.

ಹೇಗೆ ಗುರುತಿಸುವುದು? ನೀರಿನ ಮೇಲೆ ಸಾಲಾಗಿ ತೇಲುವ ಬೆಂಡುಗಳನ್ನು ನೋಡಿ. ಮರಳಿನ ಮೇಲೆ ನೀರಿನೊಳಗೆ ಹೋಗುವ ಹಗ್ಗ ಕಂಡರೆ, ಅದರ ಜೋಡಿ ಇನ್ನೊಂದು ಕಡೆ ಇದ್ದೇ ಇರುತ್ತದೆ, ಹುಡುಕಿ. ನೀರಿನ ಮೇಲೆ ಹಕ್ಕಿಗಳು ಗುಂಪಾಗಿ ಎರಗುತ್ತಿದ್ದರೆ ಅಲ್ಲಿ ಮೀನಿದೆ, ಮೀನಿದ್ದಲ್ಲಿಗೆ ದೋಣಿ ಬರುತ್ತದೆ. ಎಲ್ಲಕ್ಕಿಂತ ಸುಲಭದ ದಾರಿ ಕೇಳುವುದು. ಬಲೆ ಸರಿಪಡಿಸುತ್ತ ಕುಳಿತ ಹಿರಿಯರ ಹತ್ತಿರ ಹೋಗಿ, "ಇವತ್ತು ಬಲೆ ಬಿಡುತ್ತೀರಾ, ಎಷ್ಟು ಹೊತ್ತಿಗೆ, ಎಲ್ಲಿ?" ಎಂದು ಕೇಳಿ. ಹೇಳದೆ ಇರುವುದಿಲ್ಲ. ದಡಕ್ಕೆ ಎಳೆದಿಟ್ಟ ದೋಣಿಗೆ ಕೈಟ್ ಒರಗಿಸುವುದು, ಅದರ ಮೇಲೆ ಒದ್ದೆ ಬಟ್ಟೆ ಹರಡುವುದು ಬೇಡ. ದೋಣಿ ನಮಗೆ ಪೂಜೆಯ ವಸ್ತು.

ಹೊಸಗಾಳಿ

ಅಣ್ಣ, ಇದನ್ನು ಬರೆದದ್ದಕ್ಕೆ ಕೃತಜ್ಞ. ತರಬೇತಿಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ಹುಬ್ಬಳ್ಳಿಯಿಂದ

ನಾವು ರಜೆಯಲ್ಲಿ ಗೋವಾ, ಗೋಕರ್ಣ, ಮುರ್ಡೇಶ್ವರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವವರು. ನಿಮ್ಮ ನಿಯಮಗಳೆಲ್ಲ ನಿಮಗೆ ಗೊತ್ತು, ನಮಗೆ ಗೊತ್ತಿಲ್ಲವಲ್ಲ? ಆಕಾಶದಲ್ಲಿ ಅಷ್ಟು ದೊಡ್ಡದು ಸುಯ್ಯೆಂದು ತಿರುಗುವಾಗ ಮಕ್ಕಳು ಅದರ ಹತ್ತಿರವೇ ಓಡುತ್ತಾರೆ. ನಾವು ಯಾವ ಕಡೆಯಿಂದ ದಾಟಬೇಕು? ಕೆಳಗೆ ಬಿದ್ದ ಕೈಟ್ ನಮ್ಮ ಕಡೆಗೆ ಉರುಳಿ ಬಂದರೆ ಏನು ಮಾಡಬೇಕು? ಹಿಡಿಯಲು ಹೋದರೆ ಅಪಾಯವೇ?

ಪಡುವಣ ಕಡಲು

ಮೇಡಂ, ಬಹಳ ಬೇಕಾದ ಪ್ರಶ್ನೆ. ಕೈಟ್ ಹಾರಿಸುವವರ ಬೆನ್ನ ಹಿಂದಿನಿಂದ, ಅಂದರೆ ಗಾಳಿ ಬರುವ ಕಡೆಯಿಂದ ದಾಟಿ. ಅವರಿಗೂ ಕೈಟಿಗೂ ನಡುವೆ ಎಂದೂ ಹೋಗಬೇಡಿ, ಕೈಟಿನ ಕೆಳಗೆ ನಿಲ್ಲಬೇಡಿ. ಬೆನ್ನ ಹಿಂದೆಯೂ ಸಾಕಷ್ಟು ದೂರ ಇರಲಿ.

ಕೈಟ್ ಬಿದ್ದು ಉರುಳುತ್ತಿದ್ದರೆ ಮಕ್ಕಳನ್ನು ಎತ್ತಿಕೊಂಡು ಪಕ್ಕಕ್ಕೆ ಸರಿಯಿರಿ. ದಾರಕ್ಕೆ ಮತ್ತು ಬಾರಿಗೆ ಕೈ ಹಚ್ಚಲೇಬೇಡಿ. ದಾರ ಸಡಿಲವಾಗಿ ಬಿದ್ದಿದೆ ಎಂದು ಕೈಗೆ ಸುತ್ತಿಕೊಂಡು ಎಳೆಯುವವರಿದ್ದಾರೆ, ಮರುಕ್ಷಣ ಗಾಳಿ ತುಂಬಿದರೆ ಬೆರಳೇ ಹೋಗಬಹುದು. ಅದನ್ನು ಹಿಡಿದು ನಿಲ್ಲಿಸುವುದು ಕಲಿತವರ ಕೆಲಸ. ನೆಲದ ಮೇಲೆ ನಿಂತಿರುವ, ಮೇಲೆ ಮರಳು ಹೇರಿಟ್ಟಿರುವ ಕೈಟಿನಿಂದ ಆ ಮರಳನ್ನು ಸರಿಸಬೇಡಿ. ಅದನ್ನು ಹಿಡಿದಿಟ್ಟಿರುವುದೇ ಆ ಮರಳು. ಮಕ್ಕಳಿಗೆ ನೋಡುವ ಆಸೆ ಇದ್ದರೆ, ಇಳಿಸಿ ಕುಳಿತವರ ಹತ್ತಿರ ಹೋಗಿ ಕೇಳಿ. ನಾನಂತೂ ಖುಷಿಯಿಂದ ತೋರಿಸುತ್ತೇನೆ.

ಹೊಸಬರಿಗೆ ಇದರಿಂದಲೇ ಒಂದು ಸೂಚನೆ. ಪ್ರವಾಸಿಗರು ಪ್ರೀತಿಯಿಂದ "ನಾವು ಹಿಡಿಯುತ್ತೇವೆ, ಏರಿಸಿ" ಎಂದು ಮುಂದೆ ಬರುತ್ತಾರೆ. ಕಲಿಯದವರ ಕೈಗೆ ಕೈಟ್ ಕೊಡಬೇಡಿ. ತಪ್ಪು ಹೊತ್ತಿನಲ್ಲಿ ಬಿಟ್ಟರೆ ಮೊದಲು ಪೆಟ್ಟು ತಿನ್ನುವವರು ಅವರೇ. ಜೊತೆಗೆ ಬೇರೆ ಕೈಟ್ ಸವಾರರು ಇರುವಾಗ ಮಾತ್ರ ನೀರಿಗಿಳಿಯಿರಿ ಎಂದು ಹೇಳುವುದಕ್ಕೆ ಇದೂ ಒಂದು ಕಾರಣ.

ಕಡಲಾಮೆ ಕಾವಲು

ಮೋರ್ಜಿಂ ತೀರದ ಇನ್ನೊಬ್ಬ ಪಾಲುದಾರರ ಬಗ್ಗೆ ಹೇಳಬೇಕು. ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುವ ಗೋವಾದ ಕೆಲವೇ ತೀರಗಳಲ್ಲಿ ಮೋರ್ಜಿಂ ಒಂದು. ಅಗೊಂದ, ಗಾಲ್ಜಿಬಾಗ ಇನ್ನೆರಡು. ನಮ್ಮ ಕಾರವಾರ, ಕುಂದಾಪುರದ ತೀರಗಳಿಗೂ ಅವು ಬರುತ್ತವೆ. ಕೈಟಿನ ಋತುವೂ ಆಮೆಗಳ ಋತುವೂ ಹೆಚ್ಚುಕಡಿಮೆ ಒಂದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಇವು ಇವೆ. ಮೊಟ್ಟೆಯಿಟ್ಟ ಜಾಗಕ್ಕೆ ಅರಣ್ಯ ಇಲಾಖೆ ಬೇಲಿ ಕಟ್ಟಿರುತ್ತದೆ. ಸುಮಾರು ಏಳೆಂಟು ವಾರಗಳಲ್ಲಿ ಮರಿಗಳು ಹೊರಬರುತ್ತವೆ. ಆ ಬೇಲಿಯ ಹತ್ತಿರ ಕೈಟ್ ಇಳಿಸುವುದು, ದಾರ ಹಾಸುವುದು, ಮರಳು ತೋಡಿ ಕೈಟಿನ ಮೇಲೆ ಹೇರುವುದು ಯಾವುದೂ ಬೇಡ. ಅಳಿವೆಯ ಬಳಿಯ ಮರಳುದಿಬ್ಬದಲ್ಲಿ ಕಡಲಹಕ್ಕಿಗಳು ಗುಂಪಾಗಿ ಕೂರುತ್ತವೆ. ಕೈಟಿನ ನೆರಳು ಸರಿದರೆ ಹದ್ದು ಬಂದಿತೆಂದು ಇಡೀ ಗುಂಪು ಏಳುತ್ತದೆ. ದೂರದಿಂದ ಬಂದು ವಿಶ್ರಾಂತಿಗೆ ಕುಳಿತವು ಅವು.

ಹೊಸಗಾಳಿ

ದಕ್ಷಿಣದ ಗಡಿಯ ಗುರುತನ್ನು ಹಾಗಾದರೆ ಆಮೆಗಳ ಜಾಗಕ್ಕಿಂತ ಸಾಕಷ್ಟು ಹಿಂದೆಯೇ ಇಟ್ಟುಕೊಳ್ಳುತ್ತೇನೆ. ನೀರಿನ ನಿಯಮಗಳಲ್ಲಿ ಒಂದು ಗೊಂದಲ ಉಳಿದಿದೆ. ಬಲಗೈ ಮುಂದಿರುವವರಿಗೆ ದಾರಿ ಬಿಡಬೇಕು ಎಂದು ಒಂದು ಕಡೆ, ದಡದಿಂದ ಹೊರಡುವವರಿಗೆ ಬಿಡಬೇಕು ಎಂದು ಇನ್ನೊಂದು ಕಡೆ. ಎರಡೂ ಒಂದಕ್ಕೊಂದು ವಿರುದ್ಧವಾದರೆ?

ಹೇಗ್ ಕನ್ನಡಿಗ

ಗೋವಾದ ಮಧ್ಯಾಹ್ನದ ಗಾಳಿಯಲ್ಲಿ ಆ ಗೊಂದಲವೇ ಬರುವುದಿಲ್ಲ. ಕಡಲಿಗೆ ಮುಖ ಮಾಡಿ ನಿಂತರೆ ವಾಯವ್ಯದ ಗಾಳಿ ನಿಮ್ಮ ಬಲಗಡೆಯಿಂದ ಬರುತ್ತದೆ. ಹೊರಗೆ ಹೋಗುವಾಗ ನಿಮ್ಮ ಬಲಗೈ ಮುಂದಿರುತ್ತದೆ, ಮರಳುವಾಗ ಎಡಗೈ. ಹೊರಡುವವರಿಗೂ ಬಲಗೈ ಮುಂದಿರುವವರಿಗೂ ಒಟ್ಟಿಗೇ ಆದ್ಯತೆ ಸಿಕ್ಕಂತಾಯಿತು. ಗಾಳಿ ಎಡಗಡೆಯಿಂದ ಬರುವ ತೀರದಲ್ಲಿ ಇವೆರಡೂ ಎದುರಾಗುತ್ತವೆ. ಅಂಥಲ್ಲಿ ದಡದ ಹತ್ತಿರ, ಅಲೆ ಒಡೆಯುವ ಜಾಗದಲ್ಲಿ, ಹೊರಡುವವರಿಗೇ ಬಿಟ್ಟುಕೊಡಿ. ಅವರು ಜನರಿಂದ ಬೇಗ ದೂರ ಹೋಗಬೇಕು.

ಎದುರಾದಾಗ ಕೈಟ್ ಹೇಗಿರಬೇಕು ಎಂಬುದೂ ಅಷ್ಟೇ ಮುಖ್ಯ. ಗಾಳಿ ಬರುವ ಕಡೆ ಇರುವವರು ಕೈಟನ್ನು ಎತ್ತರದಲ್ಲಿ, ಇನ್ನೊಬ್ಬರು ತಗ್ಗಿನಲ್ಲಿ ಇಟ್ಟುಕೊಳ್ಳಬೇಕು. ಆಗ ದಾರಗಳು ಸಿಕ್ಕಿಕೊಳ್ಳುವುದಿಲ್ಲ. ಅಲೆಯ ಮೇಲೆ ಈಗಾಗಲೇ ಇರುವವರಿಗೆ ದಾರಿ ಬಿಡಿ. ಜಿಗಿಯುವವರಿಗೆ ಗಾಳಿ ಹೋಗುವ ಕಡೆ 50 ಮೀಟರ್, ಗಾಳಿ ಬರುವ ಕಡೆ 30 ಮೀಟರ್ ಖಾಲಿ ಇರಬೇಕು. ಈಜುವವರು, ಕೈಟ್ ಇಲ್ಲದೆ ಅಲೆ ಸವಾರಿ ಮಾಡುವವರು, ದೋಣಿಯವರು ಎಲ್ಲರಿಗೂ ನಾವೇ ದಾರಿ ಬಿಡಬೇಕು.

ಸ್ವತಂತ್ರ ಅಲೆ

ನೀರಿನಲ್ಲಿ ಕೆಟ್ಟಾಗ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಬೋರ್ಡ್ ಕಳೆದುಹೋದರೆ? ಗಾಳಿ ನಿಂತುಹೋದರೆ? ನಿಮ್ಮ ಮೇಲ್ವಿಚಾರಕರು ದಡದಲ್ಲಿ ನಿಂತು ಏನು ಮಾಡಿಯಾರು? ಇದೇ ತಾನೆ ನಿಜವಾಗಿ ಕಲಿಯಬೇಕಾದದ್ದು?

ಪಡುವಣ ಕಡಲು

ಇದನ್ನು ಪೂರ್ತಿ ಒಪ್ಪುತ್ತೇನೆ, ಕೇಳಿದ್ದಕ್ಕೆ ಸಂತೋಷ. ಬೋರ್ಡ್ ದೂರವಾದರೆ ಕೈಟನ್ನು ನೀರಿನ ಹತ್ತಿರ ತಗ್ಗಿಸಿ, ಒಂದು ತೋಳನ್ನು ಚುಕ್ಕಾಣಿಯಾಗಿ ಚಾಚಿ, ಮೈಯನ್ನೇ ಎಳೆಸಿಕೊಂಡು ಗಾಳಿ ಬರುವ ಕಡೆಗೆ ಓರೆಯಾಗಿ ಹೋಗುವುದನ್ನು ಕಲಿಸಿರುತ್ತಾರೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೋಗಿ ಬೋರ್ಡನ್ನು ತಲುಪುವುದು ಸುಲಭವಾಗುವವರೆಗೆ ಆಳದ ನೀರಿಗೆ ಹೋಗಬಾರದು. ಹೆಲ್ಮೆಟ್ ಇಲ್ಲದೆ ಬೋರ್ಡನ್ನು ಕಾಲಿಗೆ ಕಟ್ಟಿಕೊಳ್ಳುವವರನ್ನು ನೋಡಿದ್ದೇನೆ. ಹಗ್ಗ ಹಿಗ್ಗಿ ಬೋರ್ಡ್ ಚಿಮ್ಮಿದರೆ ಅದು ಬರುವುದು ನೇರ ತಲೆಗೆ.

ಗಾಳಿ ಬಿದ್ದರೆ ಅಥವಾ ದಾರ ಹರಿದರೆ ಸ್ವಯಂ ರಕ್ಷಣೆ. ಕ್ವಿಕ್ ರಿಲೀಸ್ (ಬಾರಿನ ಬಳಿಯ ತುರ್ತು ಬಿಡುಗಡೆಯ ಹಿಡಿಕೆ) ತಳ್ಳಿ ಕೈಟಿನ ಬಲ ತೆಗೆಯಿರಿ. ಸುರಕ್ಷಾ ದಾರವನ್ನು ಮೊದಲು ಬಾರಿಗೆ ಸುತ್ತಿ, ಬಿಗಿ ಮಾಡಿದ ಮೇಲೆ ಉಳಿದವನ್ನು ಸುತ್ತುತ್ತ ಕೈಟಿನ ಹತ್ತಿರ ಹೋಗಿ. ಗಾಳಿ ತುಂಬಿದ ಕೊಳವೆ ತೆಪ್ಪದಂತೆ ತೇಲುತ್ತದೆ. ಅದರ ಎರಡು ತುದಿಗಳನ್ನು ಹಿಡಿದರೆ ಸ್ವಲ್ಪ ಗಾಳಿಯಲ್ಲೂ ಹಾಯಿಯಾಗಿ ದಡಕ್ಕೆ ತರುತ್ತದೆ. ಸುತ್ತುವಾಗ ದಾರ ಕೈಗೆ, ಕಾಲಿಗೆ ಸಿಗದಂತೆ ನೋಡಿಕೊಳ್ಳಿ, ಹಾರ್ನೆಸ್‌ನಲ್ಲಿ (ಸೊಂಟಕ್ಕೆ ಕಟ್ಟಿಕೊಳ್ಳುವ ಪಟ್ಟಿಯಲ್ಲಿ) ಕೊಕ್ಕೆ ಆಕಾರದ ಚಾಕು ಇರಲಿ. ಆಳದ ನೀರಿನಲ್ಲಿ, ಮೇಲ್ವಿಚಾರಕರ ಎದುರು, ಇದನ್ನು ಬೇಕೆಂದೇ ಮಾಡಿ ಅಭ್ಯಾಸ ಮಾಡಿ. ಮೇಲ್ವಿಚಾರಕರು ಬೇಕಾಗುವುದು ಇದಕ್ಕೇ.

ಇನ್ನು ಆ ಹಳೆಯ ಕೈಟ್. ಬಟ್ಟೆಗಿಂತ ಮೊದಲು ಬಾರನ್ನು ಕೈಗೆ ತೆಗೆದುಕೊಳ್ಳಿ. ಕ್ವಿಕ್ ರಿಲೀಸ್‌ನ ಹಿಡಿಕೆ ಜಾರುವ ಸಂದಿಯಲ್ಲಿ ನುಣ್ಣಗಿನ ಮರಳು ಸೇರಿ, ಉಪ್ಪು ಕಟ್ಟಿ, ಗಟ್ಟಿಯಾಗಿರುತ್ತದೆ. ನಿಂತಲ್ಲಿ ತಳ್ಳಿದರೆ ಬಿಡುತ್ತದೆ, ಭಾರ ಬಿದ್ದಾಗ ಬಿಡುವುದಿಲ್ಲ. ಅದಕ್ಕೇ ಹಾರ್ನೆಸ್ ಹಾಕಿಕೊಂಡು, ಬಾರಿನ ದಾರಗಳನ್ನು ಕಂಬಕ್ಕೆ ಕಟ್ಟಿ, ಮೈಭಾರವನ್ನೆಲ್ಲ ಹಿಂದಕ್ಕೆ ಬಿಟ್ಟು, ಒಂದೇ ಕೈಯಿಂದ ತಳ್ಳಿ ನೋಡಿ. ಎಡಗೈ, ಬಲಗೈ ಎರಡರಿಂದಲೂ. ಬಿಡಲು ತಡವರಿಸಿದರೆ ಆ ಬಾರ್ ಬೇಡ. ಈ ಬಿಡುಗಡೆ ವ್ಯವಸ್ಥೆಗೆ 2020ರಲ್ಲಿ ಐಎಸ್‌ಒ 21853 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂದಿದೆ, ಅದಕ್ಕೆ ಹೊಂದುವ ಹೊಸ ಬಾರ್ ಕೊಳ್ಳಲು ಹಣ ಎತ್ತಿಡಿ. ಬೇಕಾದರೆ ಕೈಟ್ ಹಳೆಯದಿರಲಿ. ನಾಲ್ಕೂ ದಾರ ಒಂದೇ ಉದ್ದವಿದೆಯೇ ನೋಡಿ, ಗಾಳಿ ತುಂಬಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಒತ್ತಿ ನೋಡಿ. ಬಟ್ಟೆ ಬಿಸಿಲಿಗೆ ಸೊರಗಿ ಕಾಗದದಂತೆ ಸದ್ದು ಮಾಡಿದರೆ ಎಷ್ಟು ಅಗ್ಗವಾದರೂ ಬೇಡ. ಪ್ರತಿ ಸಲ ಕಡಲಿನಿಂದ ಬಂದ ಮೇಲೆ ಸಿಹಿನೀರಿನಲ್ಲಿ ಬಾರನ್ನು ತೊಳೆದು, ಕ್ವಿಕ್ ರಿಲೀಸನ್ನು ಹಲವು ಸಲ ಬಿಚ್ಚಿ ಹಾಕಿ ಮಾಡಿ.

ಹೊಸಗಾಳಿ

ತೀರ್ಮಾನ ಮಾಡಿದೆ. ಗೋವಾದಲ್ಲಿ ಶಾಲೆಯ ಮೇಲ್ವಿಚಾರಣೆಯಲ್ಲೇ, ಅವರ ಕೈಟ್‌ನಲ್ಲೇ ಅಭ್ಯಾಸ ಮಾಡುತ್ತೇನೆ. ಹಳೆಯ ಕೈಟಿನ ಬಾರನ್ನು ನೀವು ಹೇಳಿದಂತೆ ಪರೀಕ್ಷಿಸಿದ ಮೇಲೆ ಕೊಳ್ಳುವ ಮಾತು. ತುರ್ತು ಸಂದರ್ಭಕ್ಕೆ ಯಾವ ಸಂಖ್ಯೆ ಇಟ್ಟುಕೊಳ್ಳಬೇಕು?

ಬಲೆ ಮತ್ತು ಬಂಗುಡೆ

ಕಡಲಿನಲ್ಲಿ ಯಾರಾದರೂ ಸಿಕ್ಕಿಹಾಕಿಕೊಂಡರೆ ಕರಾವಳಿ ಕಾವಲು ಪಡೆಯ 1554, ಕರಾವಳಿ ಪೊಲೀಸರ 1093. ಎರಡೂ ನಮ್ಮ ದೋಣಿಗಳಲ್ಲಿ ಬರೆದೇ ಇರುತ್ತವೆ. ದಡದಲ್ಲಾದರೆ 112. ಮನೆಯವರ ಮೊಬೈಲ್‌ನಲ್ಲೂ ಹಾಕಿಡಿ, ನೀರಿನಲ್ಲಿ ಇರುವವನಿಗೆ ಮೊಬೈಲ್ ಎಲ್ಲಿ ಸಿಗಬೇಕು? ಎಷ್ಟು ಹೊತ್ತಿಗೆ ಮರಳುತ್ತೇನೆಂದು ಅವರಿಗೆ ಹೇಳಿ ಹೋಗಿ.

ಹೇಗ್ ಕನ್ನಡಿಗ

ಅದಕ್ಕೆ ಇನ್ನೊಂದು ಸೇರಿಸುತ್ತೇನೆ. ಬೋರ್ಡಿನ ಮೇಲೆ ಮತ್ತು ಕೈಟಿನ ಮೇಲೆ ಅಳಿಸದ ಶಾಯಿಯಲ್ಲಿ ನಿಮ್ಮ ಹೆಸರು, ಮೊಬೈಲ್ ಸಂಖ್ಯೆ ಬರೆಯಿರಿ. ಸವಾರನಿಲ್ಲದ ಕೈಟ್ ತೇಲುತ್ತಿರುವುದನ್ನು ಮೀನುಗಾರರು ನೋಡಿದರೆ, ಯಾರೋ ಮುಳುಗಿರಬೇಕೆಂದು ಹುಡುಕಾಟ ಶುರುವಾಗುತ್ತದೆ. ಸಂಖ್ಯೆ ಇದ್ದರೆ ಒಂದು ಕರೆಯಲ್ಲಿ ಗೊತ್ತಾಗುತ್ತದೆ. ಕೈಟ್ ಅಥವಾ ಬೋರ್ಡ್ ಕಳೆದುಕೊಂಡು ನೀವು ಕ್ಷೇಮವಾಗಿ ದಡ ಸೇರಿದರೆ, ಬಟ್ಟೆ ಬದಲಿಸುವ ಮೊದಲು ಜೀವರಕ್ಷಕರಿಗೆ ಮತ್ತು 1554ಕ್ಕೆ ತಿಳಿಸಿ.